ಈಜಾ ಕಣಿವೆಯಲ್ಲಿ ಹಾಲಳೆದ ದಿನ

ಕಾಗದದಲ್ಲಿದ್ದ ನಾಲ್ಕು ದಿನ

ಊರಿಗೆ ಮರಳಿದ ಮೇಲೆ ನನ್ನನ್ನು ಎಲ್ಲರೂ ಕೇಳುವುದು ರಾಜಧಾನಿಯ ವಿಷಯ. ಬುಕಾರೆಸ್ಟಿನ ರಸ್ತೆ ಎಷ್ಟು ಅಗಲ, ಹಿಮ ಬಿದ್ದಾಗ ಜನ ಹೇಗೆ ಓಡಾಡುತ್ತಾರೆ, ಅಲ್ಲಿಯವರು ಅನ್ನ ತಿನ್ನುತ್ತಾರೆಯೇ. ಕೇಳಿದ್ದಕ್ಕೆ ಉತ್ತರ ಹೇಳುತ್ತೇನೆ. ಆದರೆ ಎರಡು ವರ್ಷ ರೊಮೇನಿಯಾದಲ್ಲಿದ್ದು ಬಂದ ನನಗೆ ನಿಜವಾಗಿ ಹೇಳಬೇಕೆನಿಸುವುದು ಐದು ದಿನಗಳ ಸಂಗತಿ. ಆ ಐದರಲ್ಲಿ ನಾಲ್ಕಕ್ಕೆ ಮಾತ್ರ ನನ್ನ ಬಳಿ ಅನುಮತಿ ಪತ್ರವಿತ್ತು.

ಮೈಸೂರಿನಲ್ಲಿ ಸಸ್ಯಶಾಸ್ತ್ರ ಓದಿ, ಹುಲ್ಲುಗಾವಲುಗಳ ಅಧ್ಯಯನಕ್ಕೆಂದು ವಿದ್ಯಾರ್ಥಿವೇತನ ಪಡೆದು ಹೋದವಳು ನಾನು. ನಮ್ಮ ಮನೆ ಸುಲ್ತಾನ್ ಬತ್ತೇರಿಯಿಂದ ಗುಂಡ್ಲುಪೇಟೆಗೆ ಹೋಗುವ ದಾರಿಯಲ್ಲಿ, ಕಾಡಂಚಿನಲ್ಲಿದೆ. ಅಜ್ಜ ಗುಂಡ್ಲುಪೇಟೆ ಕಡೆಯಿಂದ ದನ ಹೊಡೆದುಕೊಂಡು ಬಂದು ಅಲ್ಲಿ ನೆಲೆ ನಿಂತರು. ಆಮೇಲೆ ತಿರುವಿತಾಂಕೂರಿನವರು ಬಂದರು. ಗುಡ್ಡದ ಮೇಲೆ ಗುಡ್ಡ ಕಡಿದು ಮರಗೆಣಸು, ಮೆಣಸು ಹಾಕಿದರು. ಈಗಲೂ ವಾರಕ್ಕೊಂದು ಹೊಸ ಸಂಸಾರ ತಲೆಯ ಮೇಲೆ ಪಾತ್ರೆ ಹೊತ್ತು ಬಂದಿಳಿಯುತ್ತದೆ.

ನಾನು ಹೊರಡುವ ದಿನ ಪಕ್ಕದ ತೋಟದ ಮರಿಯಾಮ್ಮ ಚೇಡತ್ತಿ ಬೇಲಿಯ ಹತ್ತಿರ ನಿಂತಿದ್ದರು. ಅವರ ಕಡೆ ಹಿರಿಯ ಹೆಂಗಸರನ್ನು ಚೇಡತ್ತಿ ಎನ್ನುತ್ತಾರೆ.

"ಮೋಳೆ, ಅಲ್ಲಿ ಕಪ್ಪ ಸಿಗ್ತದಾ?" ಎಂದು ಕೇಳಿದರು. ಮೋಳೆ ಎಂದರೆ ಮಗಳೇ, ಕಪ್ಪ ಎಂದರೆ ಮರಗೆಣಸು.

"ಸಿಗಲ್ಲ ಚೇಡತ್ತಿ."

"ಕಪ್ಪ ಇಲ್ಲದ ಊರಲ್ಲಿ ಮನುಷ್ಯರು ಹ್ಯಾಗೆ ಬದುಕ್ತಾರೆ?"

ಹಸುವಿಗೆ ಹುಲ್ಲು ಹಾಕುತ್ತಿದ್ದ ಅಪ್ಪ ತಲೆಯೆತ್ತದೆ ಹೇಳಿದರು: "ನೀವು ಬರೋಕೆ ಮುಂಚೆ ನಾವು ಬದುಕ್ತಿರ್ಲಿಲ್ವಾ? ಹಂಗೆ."

ಗಾಡಿಯ ಮೇಲೆ

ವಿಶ್ವವಿದ್ಯಾಲಯದಲ್ಲಿ ನನ್ನ ಕೋಣೆಯ ಜೊತೆಗಾತಿ ಇಲ್ಯಾನಾ. ಹುಟ್ಟಿ ಬೆಳೆದದ್ದು ಬುಕಾರೆಸ್ಟಿನಲ್ಲಿ. ಅವಳ ತಂದೆಯ ಅಕ್ಕ ಉತ್ತರದ ಮರಮುರೇಶ್ ಪ್ರಾಂತ್ಯದಲ್ಲಿ, ಈಜಾ ನದಿಯ ಕಣಿವೆಯ ಹಳ್ಳಿಯೊಂದರಲ್ಲಿದ್ದರು. ಮೇ ತಿಂಗಳ ಮೊದಲ ವಾರ ಅಲ್ಲಿ ಕುರಿಗಳು ಬೆಟ್ಟ ಹತ್ತುತ್ತವೆ, ಹುಲ್ಲಿನ ಮಾದರಿ ಬೇಕಿದ್ದರೆ ಆಗಲೇ ಬಾ ಎಂದಳು. ವಿದೇಶಿಯರು ಹಳ್ಳಿಗಳಿಗೆ ಹೋಗಲು ಅನುಮತಿ ಬೇಕಿತ್ತು. ವಿಭಾಗದ ಕಚೇರಿಯಲ್ಲಿ ಹದಿನೈದು ದಿನ ಕಾದ ಮೇಲೆ ನಾಲ್ಕು ದಿನದ ಕಾಗದ ಸಿಕ್ಕಿತು. ಅದನ್ನು ಮಡಿಸಿ ಪಾಸ್‌ಪೋರ್ಟಿನಲ್ಲಿಟ್ಟುಕೊಂಡೆ.

ರೈಲಿನಲ್ಲಿ ರಾತ್ರಿ ಕಳೆದು ಸಿಗೇತ್ ಪಟ್ಟಣದಲ್ಲಿಳಿದೆವು. ನಾವು ಹತ್ತಬೇಕಿದ್ದ ಬಸ್ಸು ನಮ್ಮೆದುರೇ ಹೊರಟುಹೋಯಿತು. ಇಲ್ಯಾನಾ ಅದರ ಹಿಂದೆ ಓಡಿದಳು, ನಾನು ಓಡಲಿಲ್ಲ. ಸೀರೆಯಲ್ಲಿ ಬಸ್ಸಿನ ಹಿಂದೆ ಓಡುವುದರ ಫಲವೇನೆಂದು ಬತ್ತೇರಿಯಲ್ಲಿ ಒಮ್ಮೆ ಕಲಿತಿದ್ದೇನೆ. ಕೊನೆಗೆ ಕುದುರೆಗಾಡಿಯವರೊಬ್ಬರು ಹತ್ತಿಸಿಕೊಂಡರು. ನನ್ನ ಸೀರೆಯನ್ನು ಬಹಳ ಹೊತ್ತು ನೋಡಿ ಇಲ್ಯಾನಾಳಿಗೆ ಏನೋ ಹೇಳಿದರು. "ಇಷ್ಟುದ್ದ ಬಟ್ಟೆ ನೇಯಲು ಎಷ್ಟು ಚಳಿಗಾಲ ಬೇಕು ಅಂತ ಕೇಳ್ತಿದಾರೆ" ಎಂದಳು ಅವಳು. ಆ ಕಡೆ ಹೆಂಗಸರು ಬಟ್ಟೆ ನೇಯುವುದು ಚಳಿಗಾಲದಲ್ಲಿ.

ಕಣಿವೆ ನಿಧಾನವಾಗಿ ತೆರೆದುಕೊಂಡಿತು. ನದಿಯ ಎರಡೂ ಬದಿ ಹುಲ್ಲು, ಅದರ ಮೇಲೆ ಪ್ಲಮ್ ಮರಗಳ ಬಿಳಿ ಹೂವು, ಅದರ ಮೇಲೆ ಬೀಚ್ ಮರಗಳ ಎಳೆಹಸಿರು, ಆಮೇಲೆ ಫರ್ ಮರಗಳ ಕಪ್ಪು, ಎಲ್ಲಕ್ಕಿಂತ ಮೇಲೆ ಇನ್ನೂ ಕರಗದ ಹಿಮ. ನಮ್ಮ ಬೆಟ್ಟಗಳು ಹೀಗೆ ತಮ್ಮನ್ನು ಸಾಲಾಗಿ ತೋರಿಸಿಕೊಳ್ಳುವುದಿಲ್ಲ. ಮಂಜು ಎದ್ದಾಗ ಒಂದಿಷ್ಟು, ಬಿಸಿಲು ಬಂದಾಗ ಒಂದಿಷ್ಟು. ಪ್ರತಿ ಮನೆಯೆದುರು ಮನೆಗಿಂತ ದೊಡ್ಡದೆನಿಸುವ ಮರದ ಬಾಗಿಲು, ಅದರ ತುಂಬ ಹಗ್ಗ ಹೊಸೆದಂತೆ ಕೆತ್ತನೆ. ಹೋದ ವರ್ಷದ ಹುಲ್ಲಿನ ಮೆದೆಗಳು ನಡುವೆ ಕಂಬ ನೆಟ್ಟುಕೊಂಡು ನಿಂತಿದ್ದವು. ನಮ್ಮ ಹುಲ್ಲಿನ ಮೆದೆಯ ತಮ್ಮಂದಿರು, ಎತ್ತರಕ್ಕೆ ಬೆಳೆದವರು.

ಕೆಳಗಿನ ಬಯಲಿನಲ್ಲಿ ಹೊಲಗಳೆಲ್ಲ ಸಹಕಾರಿ ಸಂಘಗಳಿಗೆ ಸೇರಿದ್ದನ್ನು ರೈಲಿನಿಂದ ನೋಡಿದ್ದೆ. ಈ ಕಡಿದಾದ ಹುಲ್ಲುಗಾವಲು ಟ್ರ್ಯಾಕ್ಟರಿಗೆ ಸಿಗದೆ ಜನರ ಕೈಯಲ್ಲೇ ಉಳಿದಿತ್ತು. ಕುರಿಗಳೂ ಅವರವರವೇ.

ಲೆಲೆ ಅನುತ್ಸಾರ ಅಂಗಳ

ಇಲ್ಯಾನಾಳ ಸೋದರತ್ತೆಯ ಹೆಸರು ಅನುತ್ಸಾ. ಅಲ್ಲಿ ದೊಡ್ಡ ಹೆಂಗಸರನ್ನು ಲೆಲೆ ಎಂದು ಕರೆಯುತ್ತಾರೆ, ನಾವು ಅಕ್ಕ ಎಂದಂತೆ. ಹೂವಿನ ರುಮಾಲು ಕಟ್ಟಿದ, ನನಗಿಂತ ಒಂದು ಗೇಣು ಕುಳ್ಳಗಿದ್ದ ಅವರು ಬಾಗಿಲಲ್ಲಿ ನಿಂತಿದ್ದರು. ಬಲಗೈ ಮಣಿಕಟ್ಟಿಗೆ ಹಲಗೆ ತುಂಡು ಇಟ್ಟು ಬಟ್ಟೆ ಸುತ್ತಿತ್ತು. ಹತ್ತು ದಿನದ ಹಿಂದೆ ಅಟ್ಟದ ಏಣಿಯಿಂದ ಬಿದ್ದಿದ್ದರಂತೆ. ಇಲ್ಯಾನಾ ಅಳುಮುಖ ಮಾಡಿದಾಗ, "ಬಿದ್ದಿದ್ದು ನಾನು, ಏಣಿ ಚೆನ್ನಾಗಿದೆ" ಎಂದರು.

ಅಂಗಳದ ನಡುವೆ ಒಣಗಿದ ಮರವೊಂದಿತ್ತು. ಕಡಿದು ಬಿಟ್ಟ ಪ್ರತಿ ಕೊಂಬೆಗೂ ಒಂದೊಂದು ಪಾತ್ರೆ ಬೋರಲಾಗಿ ಸಿಕ್ಕಿಸಿದ್ದರು. ದೃಷ್ಟಿಯಾಗದಿರಲಿ ಎಂದು ನಾವು ಗದ್ದೆಯಲ್ಲಿ ಮಡಕೆ ಕಟ್ಟುವಂತೆ ಇರಬೇಕೆಂದುಕೊಂಡು ಇಲ್ಯಾನಾಳಿಗೆ ಹಾಗೆಯೇ ವಿವರಿಸಿದೆ. ಅವಳು ನಕ್ಕಳು. ಮನೆಯಲ್ಲಿ ಮದುವೆಗೆ ಬಂದ ಹುಡುಗಿ ಇದ್ದಾಳೆ ಎಂದು ಊರಿಗೆ ತಿಳಿಸುವ ಗುರುತಂತೆ ಅದು. ಮಕ್ಕಳಿಲ್ಲದ ಲೆಲೆ ಅನುತ್ಸಾ ನಾವಿಬ್ಬರು ಬರುತ್ತೇವೆಂದು ಬೆಳಿಗ್ಗೆಯೇ ಪಾತ್ರೆ ಸಿಕ್ಕಿಸಿದ್ದರು. ತುದಿಯಲ್ಲಿದ್ದ ಕೆಂಪು ಪಾತ್ರೆ ನನ್ನ ಲೆಕ್ಕದ್ದು. ಅದನ್ನು ಇಳಿಸಿ ಎಂದು ಹೇಳುವಷ್ಟು ಧೈರ್ಯ ನನಗೆ ಬರಲಿಲ್ಲ. ಮರುದಿನ ಬೆಳಗಾಗುವುದರೊಳಗೆ ದಾರಿಯಲ್ಲಿ ಹೋಗುವ ಮೂವರು ಅದರ ಬಗ್ಗೆ ವಿಚಾರಿಸಿದ್ದರು.

ಊಟಕ್ಕೆ ಬಂದದ್ದು ನಮ್ಮ ರಾಗಿ ಮುದ್ದೆಯೇ, ಹಳದಿ ಬಣ್ಣದಲ್ಲಿ. ಮುಸುಕಿನ ಜೋಳದ ಹಿಟ್ಟನ್ನು ಕೋಲಿನಿಂದ ತಿರುವಿ ಮಾಡುತ್ತಾರೆ, ಹಲಗೆಯ ಮೇಲೆ ಬೋರಲು ಹಾಕುತ್ತಾರೆ, ದಾರ ಹಿಡಿದು ಕೊಯ್ಯುತ್ತಾರೆ. ನಾನು ಅಭ್ಯಾಸದಂತೆ ಉಂಡೆ ಮಾಡಿ ಅಗಿಯದೆ ನುಂಗಿದೆ. ಲೆಲೆ ಗಾಬರಿಯಾಗಿ ನನ್ನ ಬೆನ್ನಿಗೆ ಗುದ್ದಲು ಎಡಗೈ ಎತ್ತಿದರು.

ಊಟದ ನಡುವೆ ಮನೆಯ ಚಿಂತೆ ಹೇಳಿದ್ದು ಇಲ್ಯಾನಾ. ಬೇಸಿಗೆಯಿಡೀ ಊರಿನ ಕುರಿಗಳೆಲ್ಲ ಒಂದೇ ಮಂದೆಯಾಗಿ ಬೆಟ್ಟದ ಮೇಲಿರುತ್ತವೆ. ಅವುಗಳ ಹಾಲಿನಿಂದ ಬಾಚ್ ಚೀಸಿನಂತೆ ಒಣಗಿಸಿಡುವ ಗಿಣ್ಣು ಮಾಡುತ್ತಾರೆ. ಬಾಚ್ ಎಂದರೆ ಮಂದೆಯ ಹಿರಿಯ ಕುರುಬರು. ಆ ಒಣ ಗಿಣ್ಣಿನಲ್ಲಿ ಯಾರಿಗೆ ಎಷ್ಟು ಪಾಲು ಎಂಬುದು ವರ್ಷಕ್ಕೊಮ್ಮೆ, ಒಂದೇ ದಿನ ತೀರ್ಮಾನವಾಗುತ್ತದೆ. ಹಿಂದಿನ ಸಂಜೆ ಎಲ್ಲರ ಕುರಿಗಳನ್ನೂ ಕೊನೆಯ ಹನಿಯವರೆಗೆ ಕರೆದು ಬರಿದು ಮಾಡಬೇಕು. ಮರುದಿನ ಮಧ್ಯಾಹ್ನ ಪ್ರತಿಯೊಬ್ಬರೂ ತಮ್ಮ ಕುರಿಗಳ ಹಾಲನ್ನು ತಮ್ಮ ಮರದ ಬಕೀಟಿಗೆ ಕರೆಯಬೇಕು. ಬಾಚ್ ಗೀರು ಹಾಕಿದ ಕೋಲು ಇಳಿಸಿ ಅಳೆಯುತ್ತಾರೆ. ಅಂದು ಬಕೀಟಿನಲ್ಲಿ ಎಷ್ಟು ಗೀರು ಮುಳುಗಿತೋ ಅದಕ್ಕೆ ತಕ್ಕಂತೆ ಇಡೀ ಬೇಸಿಗೆಯ ಪಾಲು. ಕರೆಯುವವರು ಆ ಮನೆಯವರೇ ಆಗಿರಬೇಕು. ಇಲ್ಲವೇ ಆ ಮನೆಯಲ್ಲಿ ಉಂಡು ಮಲಗಿದವರು.

"ಅತ್ತೆಗೆ ಕೈಯಿಲ್ಲ. ನನಗೆ ಕರೆಯೋಕೆ ಬರಲ್ಲ" ಎಂದಳು ಇಲ್ಯಾನಾ. "ಅವರ ಮೈದುನನ ಹೆಂಡತಿ ಫ್ಲೊರಿಕಾ ಆಗಲೇ ಬಂದು ಹೇಳಿದಾರಂತೆ, ನಿಮ್ಮ ಕುರಿ ನಮ್ಮ ಬಕೀಟಿಗೆ ಸೇರಿಸಿಬಿಡಿ ಅಂತ. ಒಮ್ಮೆ ಸೇರಿದರೆ ಆಯ್ತು. ಆಮೇಲೆ ಪಾಲು ಬೇಕಿದ್ರೆ ಅವರ ಬಾಗಿಲಿಗೆ ಹೋಗಿ ನಿಲ್ಲಬೇಕು."

ಗಂಡ ಸತ್ತ ವರ್ಷವೂ ಅದೇ ಮಾತು ಬಂದಿತ್ತಂತೆ. ಲೆಲೆ ಅನುತ್ಸಾ ಒಪ್ಪಿರಲಿಲ್ಲ. ಒಂಬತ್ತು ವರ್ಷಗಳಿಂದ ಒಂಟಿ ಹೆಂಗಸಿನ ಬಕೀಟು ಗಂಡಸರ ಬಕೀಟುಗಳ ಸಾಲಿನಲ್ಲಿ ನಿಲ್ಲುತ್ತಿತ್ತು. ಅದು ಗೂಟಕ್ಕೆ ನೇತುಹಾಕಿದ್ದು ನಾನು ಕೂತಲ್ಲಿಂದ ಕಾಣುತ್ತಿತ್ತು. ಅಡಿಯನ್ನು ಮರಳಿನಿಂದ ಉಜ್ಜಿ ಉಜ್ಜಿ ಬೆಳ್ಳಗೆ ಮಾಡಿದ್ದರು.

ಕೇಳದೆ ಮಾತಾಡುವುದು ನನ್ನ ರೂಢಿಯಲ್ಲ. ಅಂದು ಆಡಿದೆ. "ನಾನು ಕರೆಯುತ್ತೇನೆ. ನಮ್ಮ ಮನೆಯಲ್ಲಿ ದಿನಾ ಕರೆಯುತ್ತಿದ್ದೆ."

ಲೆಲೆ ನನ್ನ ಎರಡೂ ಕೈ ತಿರುಗಿಸಿ ಅಂಗೈ ನೋಡಿದರು. "ಪುಸ್ತಕದ ಕೈ" ಎಂದರು. ಹೆಬ್ಬೆರಳಿನ ಬುಡ ಒತ್ತಿ ನೋಡಿದರು. "ಅದರ ಕೆಳಗೆ ಬೇರೆ ಕೈ ಇದೆ."

ಬರಿದು ಮಾಡುವ ಸಂಜೆ

ಎರಡನೆಯ ದಿನ ಬೆಟ್ಟ ಹತ್ತಿದೆವು. ದಾರಿಯಲ್ಲಿ ನನಗೆ ಬೇಕಾದ ಹುಲ್ಲುಗಳೆಲ್ಲ ಸಿಕ್ಕವು. ಒತ್ತಿಡುವ ಕಾಗದ ಮಾತ್ರ ಒದ್ದೆಯಾಯಿತು, ಹಿಮ ಕರಗಿದ ನೀರಿನಲ್ಲಿ ನಾನೇ ಕಾಲು ಜಾರಿ ಕೂತದ್ದರಿಂದ. ಮೇಲೆ ಊರಿಗೆ ಊರೇ ನೆರೆದಿತ್ತು. ಒಲೆಯ ಮೇಲೆ ಬಾಣಲೆಗಳು, ಪ್ಲಮ್ ಹಣ್ಣಿನ ಸಾರಾಯಿ, ಪಿಟೀಲು. ಸಾರಾಯಿಯನ್ನು ಮೂರು ಸಲ ಬೇಡವೆಂದೆ. ನಾಲ್ಕನೆಯ ಸಲ ಲೋಟ ಕೈಯಲ್ಲಿ ಹಿಡಿದುಕೊಂಡೇ ನಿಂತೆ. ಆಮೇಲೆ ಯಾರೂ ಕೇಳಲಿಲ್ಲ. ನಮ್ಮ ಮದುವೆ ಮನೆಗಳಲ್ಲೂ ಎಲೆಯಲ್ಲಿ ಏನಾದರೂ ಉಳಿದಿದ್ದರೆ ಬಡಿಸುವವರು ಮುಂದೆ ಹೋಗುತ್ತಾರೆ.

ಕುರಿದೊಡ್ಡಿಯ ಒಂದು ಬದಿಯಲ್ಲಿ ಕುರಿಯೊಂದು ಮಾತ್ರ ನುಗ್ಗುವಷ್ಟು ಕಿಂಡಿ. ಅದರ ಪಕ್ಕದಲ್ಲಿ ಮಣೆ ಹಾಕಿ ಕೂರಬೇಕು. ಹಿಂದಿನಿಂದ ಕುರಿ ಓಡಿಸುತ್ತಾರೆ, ಕಿಂಡಿಯಲ್ಲಿ ತೂರಿ ಬಂದದ್ದನ್ನು ಹಿಡಿದು ಹಿಂಬದಿಯಿಂದಲೇ ಕರೆಯಬೇಕು. ಹಸುವಿನ ಪಕ್ಕ ಕುಳಿತು ಅಭ್ಯಾಸವಾದ ನನಗೆ ಮೊದಲ ಕುರಿಯಲ್ಲಿ ಎಲ್ಲಿ ಏನಿದೆ ಎಂದೇ ತಿಳಿಯಲಿಲ್ಲ. ಅದು ನನ್ನ ಮೊಣಕಾಲು ತುಳಿದು ಹೋಯಿತು. ಯಾರೋ ನಕ್ಕರು. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಮತ್ತೆ ಕುಳಿತೆ. ಮೂರನೆಯ ಕುರಿಯ ಹೊತ್ತಿಗೆ ಬೆರಳಿಗೆ ದಾರಿ ಸಿಕ್ಕಿತು. ಧಾರೆ ಬಕೀಟಿನ ತಳಕ್ಕೆ ಬಿದ್ದು ಸದ್ದು ಮಾಡಿತು. ಬೆನ್ನ ಹಿಂದೆ ನಿಂತಿದ್ದ ಲೆಲೆ ಅನುತ್ಸಾ ಉಸಿರು ಬಿಟ್ಟದ್ದು ಕೇಳಿಸಿತು.

ನನ್ನ ಅಕ್ಕಪಕ್ಕದವರು ಧಾರೆ ನಿಂತ ಮೇಲೆ ಮುಷ್ಟಿಯಿಂದ ಕೆಚ್ಚಲಿಗೆ ಮೆಲ್ಲಗೆ ಗುದ್ದಿ ಮತ್ತೆ ಹಿಂಡುತ್ತಿದ್ದರು. ಒರಟು ಕೆಲಸ ಎನಿಸಿತು. ನಾನು ಧಾರೆ ತೆಳುವಾದಾಗ ಕೈ ಬಿಡುತ್ತಿದ್ದೆ. ಬೇಲಿಯ ಆಚೆ ಬೇರೆಯಾಗಿ ಕೂಡಿಹಾಕಿದ್ದ ಮರಿಗಳು ಒಂದೇ ಸಮನೆ ಕೂಗುತ್ತಿದ್ದವು.

ಬಾಚ್ ಗ್ರಿಗೋರೆ ಎಲ್ಲರ ಕುರಿಗಳ ನಡುವೆ ಓಡಾಡುತ್ತ, ಬರಿದಾಯಿತೇ ಎಂದು ಅಲ್ಲೊಂದು ಇಲ್ಲೊಂದು ಕೆಚ್ಚಲು ಮುಟ್ಟಿ ನೋಡುತ್ತಿದ್ದರು. ನಮ್ಮ ಹನ್ನೊಂದು ಕುರಿಗಳ ಹತ್ತಿರ ಬಂದರು, ಲೆಲೆಗೆ ಟೋಪಿ ಎತ್ತಿ ವಂದಿಸಿ ಮುಂದೆ ಹೋದರು. ಒಂಬತ್ತು ವರ್ಷಗಳಲ್ಲಿ ಒಮ್ಮೆಯೂ ಲೆಲೆಯ ಕುರಿಯನ್ನು ಮುಟ್ಟಿ ನೋಡಿಲ್ಲವೆಂದು ಇಲ್ಯಾನಾ ಹೇಳಿದಳು. ಅದು ಅವರಿಗೆ ಸಲ್ಲುತ್ತಿದ್ದ ಮರ್ಯಾದೆ.

ಅಳತೆಯ ದಿನ

ಮರುದಿನ ಮಧ್ಯಾಹ್ನ ಅದೇ ಮಣೆಯ ಮೇಲೆ ಕುಳಿತೆ. ಈ ಬಾರಿ ಕೆಚ್ಚಲು ತುಂಬಿ ಬಿಗಿದಿದ್ದವು, ಕೈಗೆ ಪಳಗಿದ್ದವು. ಹನ್ನೊಂದೂ ಮುಗಿದಾಗ ಬಕೀಟು ಎತ್ತಲು ಇಲ್ಯಾನಾಳ ನೆರವು ಬೇಕಾಯಿತು.

ಬಾಚ್ ಕೋಲು ಇಳಿಸಿ ತೆಗೆದು, ಎತ್ತಿ ತೋರಿಸಿದರು. "ಏಳು."

ಅವರು ಪ್ರತಿ ಮನೆಗೂ ಹೊಸ ಕಡ್ಡಿಯೊಂದನ್ನು ಉದ್ದಕ್ಕೆ ಸೀಳಿ, ಎರಡೂ ಹೋಳನ್ನು ಜೋಡಿಸಿ ಹಿಡಿದು ಒಟ್ಟಿಗೆ ಗೀರು ಹಾಕುತ್ತಿದ್ದರು. ಒಂದು ಹೋಳು ಮನೆಯವರಿಗೆ, ಇನ್ನೊಂದು ಬಾಚ್ ಹತ್ತಿರ. ಎರಡನ್ನೂ ಜೋಡಿಸಿದರೆ ಗೀರು ಕೂಡಬೇಕು. ಆಗ ಯಾರೂ ಕೂಡಿಸಲಾರರು, ಯಾರೂ ಕಳೆಯಲಾರರು. ಲೆಲೆಯ ಕಡ್ಡಿಗೆ ಏಳು ಗೀರು ಬಿದ್ದವು.

ನಾನು ಹಿಗ್ಗಿದ್ದೆ. ಸುತ್ತಲಿನವರು ಬಕೀಟನ್ನೊಮ್ಮೆ ಕುರಿಗಳನ್ನೊಮ್ಮೆ ನೋಡುತ್ತಿದ್ದದ್ದು ಆಮೇಲೆ ಗಮನಕ್ಕೆ ಬಂತು.

ಅಗಲ ಮುಖದ, ದೊಡ್ಡ ದನಿಯ ಹೆಂಗಸೊಬ್ಬರು ಬಕೀಟಿನೊಳಗೆ ಬಗ್ಗಿ ನೋಡಿದರು. ಅವರೇ ಫ್ಲೊರಿಕಾ. "ಹೋದ ವರ್ಷ ಹನ್ನೆರಡು ಕುರಿಗೆ ಆರು. ಈ ವರ್ಷ ಹನ್ನೊಂದಕ್ಕೆ ಏಳು. ಬರೋ ವರ್ಷ ಒಂದೇ ಕುರಿ ತನ್ನಿ ಲೆಲೆ, ಈಜಾ ನದಿನೇ ಹರಿದುಬಿಡುತ್ತೆ."

ಒಂದಿಬ್ಬರು ನಕ್ಕರು. ಲೆಲೆ ಅನುತ್ಸಾ ನಗಲಿಲ್ಲ. "ಹೊಸ ಕೈ. ಒಳ್ಳೆ ಕೈ" ಎಂದರು. ಆದರೆ ಅವರ ಎಡಗೈ ಕಡ್ಡಿಯನ್ನು ತೆಗೆದುಕೊಳ್ಳಲು ಮುಂದೆ ಬರಲಿಲ್ಲ.

ಇಲ್ಯಾನಾ ನನ್ನ ಕಿವಿಯಲ್ಲಿ ಹೇಳಿದಳು. ಹಿಂದಿನ ಸಂಜೆ ಬರಿದು ಮಾಡದೆ ಕೆಚ್ಚಲಲ್ಲಿ ಒಂದಿಷ್ಟು ಉಳಿಸಿದರೆ ಅದು ಮರುದಿನದ ಅಳತೆಗೆ ಸೇರುತ್ತದೆ. ಈ ಕಣಿವೆಯಲ್ಲಿ ಎಲ್ಲರಿಗೂ ಗೊತ್ತಿರುವ ಕಳ್ಳತನ ಅದೊಂದೇ. ಮಾಡಿ ಸಿಕ್ಕಿಬಿದ್ದ ಮನೆಯ ಬಕೀಟನ್ನು ಮತ್ತೆ ಸಾಲಿನಲ್ಲಿ ಇಡಗೊಡುವುದಿಲ್ಲ.

ನಿನ್ನೆ ಸಂಜೆ ನನ್ನ ಕೈ ಏನು ಮಾಡಿತ್ತೆಂಬುದು ಆಗ ತಿಳಿಯಿತು.

ನಮ್ಮ ಕೊಟ್ಟಿಗೆಯಲ್ಲಿ ಹಸುವಿನ ಮೂರು ಮೊಲೆ ನಮಗೆ, ನಾಲ್ಕನೆಯದು ಕರುವಿಗೆ. ಮೂರರಲ್ಲೂ ಕೊನೆಯ ಧಾರೆ ಹಿಂಡುವುದಿಲ್ಲ. ಗುದ್ದಿ ಇಳಿಸಿಕೊಳ್ಳುವುದು ಕರುವಿನ ಕೆಲಸ. ಅಕ್ಕಪಕ್ಕದ ಗುಡ್ಡಗಳಿಗೆ ಮೊದಲ ಸಂಸಾರಗಳು ಬಂದಾಗ ಮಲೇರಿಯಾ ಅವರನ್ನು ಹಾಸಿಗೆಗೆ ಕೆಡವಿತ್ತು. ಮರಿಯಾಮ್ಮ ಚೇಡತ್ತಿ ದಿನಾ ಚೊಂಬು ಹಿಡಿದು ಬರುತ್ತಿದ್ದರು. ನಾವು ಮಕ್ಕಳು ಬರೀ ನೀರು ಗಂಜಿ ಕುಡಿದೆವು, ನಮ್ಮ ಹಾಲು ಅವರ ಚೊಂಬಿಗೆ ಹೋಯಿತು. ಆಗಲೂ ಅಪ್ಪ ನಾಲ್ಕನೆಯ ಮೊಲೆಗೆ ಕೈ ಹಾಕಲಿಲ್ಲ. ಆರು ವರ್ಷದವಳಾಗಿದ್ದಾಗ ನಾನು ಕಲಿತದ್ದು ಆ ಕೊಟ್ಟಿಗೆಯಲ್ಲಿ. ಎರಡೇ ಮೊಲೆಯ ಕುರಿಯ ಮುಂದೆ ಕುಳಿತಾಗ ತಲೆ ಲೆಕ್ಕ ಹಾಕಿರಲಿಲ್ಲ. ಕೈ ತನ್ನಷ್ಟಕ್ಕೆ ಒಂದು ಪಾಲು ಬಿಟ್ಟು ಎದ್ದಿತ್ತು.

ನಾನು ಬಾಯಿ ಮುಚ್ಚಿಕೊಂಡಿದ್ದರೆ ಲೆಲೆಗೆ ಏಳು ಗೀರಿನ ಪಾಲು ಸಿಗುತ್ತಿತ್ತೇನೋ. ಯಾರ ಬಳಿಯೂ ಪುರಾವೆ ಇರಲಿಲ್ಲ. ಸುಮ್ಮನಿರುವುದು ನನಗೆ ಸುಲಭ. ಐದಾರು ಜನರ ಮುಂದೆಯೂ ಆ ಭಾಷೆಯಲ್ಲಿ ದನಿಯೆತ್ತಿದವಳಲ್ಲ ನಾನು. ಆದರೆ ಲೆಲೆ ಕಡ್ಡಿ ಮುಟ್ಟದೆ ನಿಂತಿದ್ದರು.

"ಹಾಲು ಉಳಿಸಿದ್ದು ನಾನು" ಎಂದೆ. ದನಿ ನಾನಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು. "ನಿನ್ನೆ ಸಂಜೆ. ಲೆಲೆಗೆ ಗೊತ್ತಿಲ್ಲ. ನಮ್ಮೂರಿನಲ್ಲಿ ಪೂರ್ತಿ ಕರೆಯುವುದಿಲ್ಲ. ಕರುವಿಗೆ ಬಿಡುತ್ತೇವೆ."

"ಮರಿಗಳು ಬೇಲಿ ಆಚೆ ಇದ್ವಲ್ಲ" ಎಂದರು ಫ್ಲೊರಿಕಾ. "ಯಾರಿಗೆ ಬಿಟ್ಟೆ?"

"ಯಾರಿಗೂ ಇಲ್ಲ. ಅಭ್ಯಾಸ."

"ಚೆಂದದ ದೇಶ. ಕಳ್ಳತನಕ್ಕೆ ಪುಣ್ಯ ಅಂತ ಹೆಸರಿಟ್ಟಿದಾರೆ."

ಬಾಚ್ ಗ್ರಿಗೋರೆ ಕೈಯೆತ್ತಿ ಅವರನ್ನು ಸುಮ್ಮನಾಗಿಸಿದರು. ತಮ್ಮದೇ ಕುರಿಯೊಂದನ್ನು ಹಿಡಿದು ತಂದು ನನ್ನ ಮುಂದೆ ನಿಲ್ಲಿಸಿದರು. "ಬರಿದು ಮಾಡು."

ಐವತ್ತು ಅರುವತ್ತು ಜನ ನೋಡುತ್ತಿದ್ದರು. ಪೂರ್ತಿ ಕರೆಯಬೇಕು, ಕೊನೆಯ ಹನಿಯವರೆಗೆ ಎಂದು ಮನಸ್ಸಿನಲ್ಲಿ ಹೇಳಿಕೊಂಡೇ ಕರೆದೆ. ಆಯಿತು ಎನಿಸಿದಾಗ ಕೈ ಬಿಟ್ಟೆ. ಬಾಚ್ ಮೊಣಕಾಲೂರಿ ಕುಳಿತು, ಮುಷ್ಟಿಯಿಂದ ಮೇಲಕ್ಕೆ ಎರಡು ಸಲ ಗುದ್ದಿ ಹಿಂಡಿದರು. ಅರ್ಧ ಲೋಟದಷ್ಟು ಹಾಲು ಬಂತು. ಅದನ್ನು ಎಲ್ಲರಿಗೂ ಕಾಣುವಂತೆ ಹಿಡಿದರು.

"ನಾನು ನೋಡ್ತಿದೀನಿ ಅಂತ ಗೊತ್ತಿದ್ದೂ ಬಿಟ್ಟಳು" ಎಂದರು. "ಕಳ್ಳಿ ಆಗಿದ್ರೆ ಇವತ್ತು ಪೂರ್ತಿ ಕರೀತಿದ್ದಳು."

ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಒಂದು ಗೀರು ಕಳೆದರಾಯಿತು ಎಂದು ಕೆಲವರು. ಹೋದ ವರ್ಷದ್ದೇ ಇರಲಿ ಎಂದು ಇನ್ನು ಕೆಲವರು. ಆಗ ಲೆಲೆ ಅನುತ್ಸಾ ಮಾತಾಡಿದರು.

"ದಾನ ಬೇಡ. ಇವತ್ತು ಸಂಜೆ ನನ್ನ ಕುರಿ ಮತ್ತೆ ಬರಿದಾಗಬೇಕು. ಮಾಡೋದು ಫ್ಲೊರಿಕಾ. ಬೇರೆ ಯಾರೂ ಮುಟ್ಟಬಾರದು. ನಾಳೆ ಅಳೀರಿ."

"ನಾನಾ?" ಎಂದರು ಫ್ಲೊರಿಕಾ.

"ನೀನೇ. ನಿನಗಿಂತ ಚೆನ್ನಾಗಿ ಯಾರು ಹಿಂಡ್ತಾರೆ?"

ಈಗ ನಕ್ಕವರು ಒಂದಿಬ್ಬರಲ್ಲ. ಫ್ಲೊರಿಕಾ ಕೆಂಪಾದರು, ತೋಳು ಮಡಿಸಿದರು, ಆ ಸಂಜೆ ಹನ್ನೊಂದು ಕುರಿಗಳನ್ನೂ ಅವು ಜನ್ಮದಲ್ಲಿ ಮರೆಯದಂತೆ ಹಿಂಡಿದರು.

ಏಳು ಗೀರಿನ ಎರಡೂ ಹೋಳನ್ನು ಲೆಲೆ ಒಲೆಗೆ ಹಾಕಿದರು. ಮುದ್ದೆಯ ನೀರು ಕುದಿಯುತ್ತಿತ್ತು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ನಾಳೆ ಬೆಳಿಗ್ಗೆ ಅಲ್ವಾ ನಿನ್ನ ಬಸ್ಸು?"

ಅದು ತಪ್ಪಿದರೆ ಮತ್ತೆ ನಾಡಿದ್ದೇ ಬಸ್ಸು. ಕಾಗದದ ಅವಧಿ ನಾಳೆಗೆ ಮುಗಿಯುತ್ತಿತ್ತು. ಅವಧಿ ಮೀರಿದ ವಿದೇಶಿ ವಿದ್ಯಾರ್ಥಿಗಳಿಗೆ ಏನಾಗುತ್ತದೆಂದು ಹಾಸ್ಟೆಲಿನಲ್ಲಿ ಕತೆಗಳಿದ್ದವು.

"ಹೋಗುವುದಿಲ್ಲ" ಎಂದೆ. "ಆದರೆ ನಾಳೆ ಬೇರೆಯವರಿಂದ ಕರೆಸುತ್ತೀರಾ?"

"ಕೆಡಿಸಿದ ಕೈಯೇ ಸರಿ ಮಾಡಬೇಕು" ಎಂದರು ಲೆಲೆ. ಅವರು ನನಗೆ ಹೇಳಿದ ಕಠಿಣ ಮಾತು ಅದೊಂದೇ.

ಮತ್ತೆ ಅಳೆದದ್ದು

ನಾಲ್ಕನೆಯ ದಿನ ಬೆಳಿಗ್ಗೆ ಕೆಳಗೆ ರಸ್ತೆಯಲ್ಲಿ ಬಸ್ಸು ಹೋಗುವುದು ಕಾಣುತ್ತಿತ್ತು. ಬೆರಳುದ್ದದ ನೀಲಿ ಬಸ್ಸು, ಹಿಂದೆ ಧೂಳು. ಅದು ತಿರುವಿನಲ್ಲಿ ಮರೆಯಾಗುವವರೆಗೆ ನೋಡಿದೆ.

ಅರ್ಧ ಊರು ಇಳಿದು ಹೋಗಿರುತ್ತದೆಂದು ಭಾವಿಸಿದ್ದೆ. ಯಾರೂ ಹೋಗಿರಲಿಲ್ಲ. ಮಧ್ಯಾಹ್ನ ಮಣೆಯ ಮೇಲೆ ಕುಳಿತೆ. ಮರಿಗಳು ಬೇಲಿಯ ಆಚೆ ಮೂರನೆಯ ದಿನದ ದನಿಯಲ್ಲಿ, ಒಡೆದ ಗಂಟಲಿನಲ್ಲಿ ಕೂಗುತ್ತಿದ್ದವು. ಪ್ರತಿ ಕುರಿಯಲ್ಲೂ ಅದೇ ಜಾಗದಲ್ಲಿ ಕೈ ನಿಲ್ಲುತ್ತಿತ್ತು. ಪ್ರತಿ ಸಲವೂ ಅದಕ್ಕೆ ಮುಂದೆ ಹೋಗು ಎನ್ನಬೇಕಾಯಿತು. ಮುಷ್ಟಿ ಕಟ್ಟಿ, ಮರಿಯ ತಲೆ ಗುದ್ದಿದಂತೆ ಗುದ್ದಿ, ಮರಿಗೆ ಸೇರಬೇಕಿದ್ದನ್ನು ಬಕೀಟಿಗೆ ಇಳಿಸಿದೆ. ಹನ್ನೊಂದು ಕುರಿ, ಹನ್ನೊಂದು ಸಲ. ಕೊನೆಯದನ್ನು ಬಿಟ್ಟಾಗ ಹೆಬ್ಬೆರಳು ಮಡಚಲು ಬರುತ್ತಿರಲಿಲ್ಲ. ಪಕ್ಕದಲ್ಲಿ ನಿಂತು ಎಣಿಸುತ್ತಿದ್ದ ಫ್ಲೊರಿಕಾ ಬಗ್ಗಿ ಆ ಕುರಿಯ ಕೆಚ್ಚಲು ಮುಟ್ಟಿ ನೋಡಿದರು. ತಲೆಯಾಡಿಸಿದರು.

ಬಾಚ್ ಕೋಲು ಇಳಿಸಿ, ಎತ್ತಿ, ಬಿಸಿಲಿಗೆ ಹಿಡಿದರು.

"ಐದೂವರೆ."

ಹೋದ ವರ್ಷಕ್ಕಿಂತ ಅರ್ಧ ಗೀರು ಕಡಿಮೆ. ಒಂದು ಕುರಿಯೂ ಕಡಿಮೆ. ಬಾಚ್ ಹೊಸ ಕಡ್ಡಿ ಸೀಳಿ ಐದು ಉದ್ದ ಗೀರು, ಒಂದು ಗಿಡ್ಡ ಗೀರು ಹಾಕಿದರು. ಲೆಲೆ ಅನುತ್ಸಾ ಎಡಗೈ ಚಾಚಿ ತಮ್ಮ ಹೋಳನ್ನು ತೆಗೆದುಕೊಂಡು, ಗೀರುಗಳ ಮೇಲೆ ಹೆಬ್ಬೆರಳು ಆಡಿಸಿ, ರವಿಕೆಯೊಳಗೆ ಇಟ್ಟುಕೊಂಡರು.

"ನನ್ನದು" ಎಂದರು.

ಊಟಕ್ಕೆ ಕುಳಿತಾಗ ಫ್ಲೊರಿಕಾ ದಾರ ಹಿಡಿದು ಮುದ್ದೆ ಕೊಯ್ದು ಮೊದಲ ತುಂಡನ್ನು ನನ್ನ ತಟ್ಟೆಗೆ ಹಾಕಿದರು. "ಅಗಿದು ತಿನ್ನು" ಎಂದರು. ಸ್ವಲ್ಪ ಹೊತ್ತಾದ ಮೇಲೆ ಕೇಳಿದರು: "ನಿಮ್ಮೂರಲ್ಲಿ ಕರುಗಳು ಭಾಳ ಕೊಬ್ಬಿರಬೇಕು ಅಲ್ವಾ?"

ಐದನೆಯ ದಿನದ ಬಸ್ಸು ಹಿಡಿದೆವು. ಅಂಗಳ ದಾಟುವಾಗ ನೋಡಿದೆ, ಕೆಂಪು ಪಾತ್ರೆ ಅಲ್ಲೇ ಇತ್ತು. ವಿಭಾಗದ ಕಚೇರಿಯಲ್ಲಿ ಒಂದು ದಿನ ಹೆಚ್ಚು ಉಳಿದದ್ದಕ್ಕೆ ಕಾರಣ ಬರೆದು ಕೊಡಬೇಕಾಯಿತು. "ಮೊದಲ ಅಳತೆ ತಪ್ಪಾಗಿತ್ತು, ಮತ್ತೆ ಅಳೆಯಬೇಕಾಯಿತು" ಎಂದು ಬರೆದೆ. ಅಧಿಕಾರಿ ಅದನ್ನು ಹುಲ್ಲಿನ ಅಳತೆ ಎಂದುಕೊಂಡು, ವಿಜ್ಞಾನದಲ್ಲಿ ಈ ಶ್ರದ್ಧೆ ಇರಬೇಕು ಎಂದರು. ಆದರೂ ಆ ವರ್ಷ ಮತ್ತೆ ಯಾವ ಹಳ್ಳಿಗೂ ನನಗೆ ಅನುಮತಿ ಸಿಗಲಿಲ್ಲ.

ನಮ್ಮ ಕೊಟ್ಟಿಗೆ

ಶರತ್ಕಾಲದಲ್ಲಿ ಇಲ್ಯಾನಾ ಅತ್ತೆಯ ಊರಿಗೆ ಹೋಗಿ ಬಂದಳು. ಲೆಲೆಯ ಮಣಿಕಟ್ಟು ಕೂಡಿತ್ತು. ಪಾಲಿನ ಗಿಣ್ಣೆಲ್ಲ ಸಂದಾಯವಾದ ಮೇಲೆ ಆ ಕಡ್ಡಿಗಳನ್ನು ಸಾಮಾನ್ಯವಾಗಿ ಒಲೆಗೆ ಹಾಕುತ್ತಾರೆ. ಲೆಲೆ ತಮ್ಮ ಹೋಳನ್ನು ಬಟ್ಟೆಯಲ್ಲಿ ಸುತ್ತಿ ನನಗೆ ಕಳಿಸಿದ್ದರು.

ಮನೆಗೆ ಬಂದ ದಿನ ಅದನ್ನು ಅಪ್ಪನ ಕೈಗೆ ಕೊಟ್ಟು ನಡೆದದ್ದೆಲ್ಲ ಹೇಳಿದೆ. ಬೇಲಿಯ ಆಚೆಯಿಂದ ಮರಿಯಾಮ್ಮ ಚೇಡತ್ತಿಯೂ ಕೇಳಿಸಿಕೊಂಡರು. "ಅಷ್ಟು ದೂರ ಓದೋಕೆ ಕಳಿಸಿದ್ರೆ ಅಲ್ಲೂ ಹಾಲು ಕರೆದು ಬಂದ್ಯಾ ಮೋಳೆ" ಎಂದರು.

ಅಪ್ಪ ನಗಲಿಲ್ಲ. ಕಡ್ಡಿಯ ಗೀರುಗಳ ಮೇಲೆ ಹೆಬ್ಬೆರಳು ಆಡಿಸಿದರು, ಲೆಲೆ ಮಾಡಿದ ಹಾಗೆಯೇ.

"ಕಮ್ಮಿ ಆಯ್ತಲ್ಲವ್ವ."

"ಆಯ್ತು."

"ಆ ಯಮ್ಮ ಏನಂದ್ರು?"

"ನನ್ನದು ಅಂದ್ರು."

ಅಪ್ಪ ಎದ್ದು ಹೋಗಿ ಕೊಟ್ಟಿಗೆಯ ಸೂರಿನಲ್ಲಿ, ಕರುವಿನ ಹಗ್ಗ ನೇತುಹಾಕುವ ಗೂಟದ ಪಕ್ಕ, ಆ ಕಡ್ಡಿಯನ್ನು ಸಿಕ್ಕಿಸಿದರು.

ಮರುದಿನ ಬೆಳಿಗ್ಗೆ ಚೊಂಬನ್ನು ನನ್ನ ಮುಂದೆ ಇಟ್ಟು, "ಇವತ್ತು ನೀ ಕರಿ" ಎಂದರು. ಎರಡು ವರ್ಷದಲ್ಲಿ ಹಸು ನನ್ನನ್ನು ಮರೆತಿರಲಿಲ್ಲ. ಅಪ್ಪ ಬೆನ್ನ ಹಿಂದೆ ನಿಂತಿದ್ದರು. ಏನು ನೋಡುತ್ತಿದ್ದಾರೆಂದು ನನಗೆ ಗೊತ್ತಿತ್ತು. ನಾನೂ ಅದನ್ನೇ ನೋಡುತ್ತಿದ್ದೆ, ಆ ಮಧ್ಯಾಹ್ನ ಹನ್ನೊಂದು ಸಲ ಕಲಿತದ್ದು ಕೈಯಲ್ಲಿ ಉಳಿದುಬಿಟ್ಟಿದೆಯೇ ಎಂದು.

ಮೂರನೆಯ ಮೊಲೆಯಲ್ಲಿ ಧಾರೆ ತೆಳುವಾಯಿತು. ಕೈ ನಿಂತಿತು. ತಿರುಗಿ ನೋಡುವ ಹೊತ್ತಿಗೆ ಅಪ್ಪ ಕರುವಿನ ಹಗ್ಗ ಬಿಚ್ಚಿ ಆಗಿತ್ತು.